ಹೊಸ್ತಿಲಾಚೆಯ ಕಸ ಯಾರದು?

ಶುದ್ಧಿಯೆಂಬುದು ವೀರಶೈವ ಆಚಾರಕ್ಕೆ ಅಡಿಗಲ್ಲು. ಸ್ನಾನ, ಭಸ್ಮಧಾರಣ, ಇಷ್ಟಲಿಂಗಪೂಜೆಗಳಿಗೆ ಮೊದಲು ಸ್ಥಳವನ್ನು ಗುಡಿಸಿ ಸಾರಿಸುವುದು ಸದ್ಭಕ್ತರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ವಾಡಿಕೆ. ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯ ಯಾವ ಹಳ್ಳಿಗೆ ಹೋದರೂ ನಸುಕಿನಲ್ಲಿ ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕುವ ತಾಯಂದಿರನ್ನು ಕಾಣುತ್ತೇವೆ. ಆದರೆ ಹಾಗೆ ಗುಡಿಸಿದ ಕಸ ಎಲ್ಲಿಗೆ ಹೋಯಿತೆಂದು ಕೇಳಿದರೆ ದೊರೆಯುವ ಉತ್ತರ ಅಂಗಳದಷ್ಟು ಶುಭ್ರವಾಗಿರುವುದಿಲ್ಲ. ಅದು ಓಣಿಯ ತುದಿಗೆ, ಗಟಾರಕ್ಕೆ, ಹಳ್ಳದ ದಂಡೆಗೆ, ಇಲ್ಲವೆ ಕಾಲುವೆಗೆ ಹೋಗಿರುತ್ತದೆ. ಹೊಸ್ತಿಲು ದಾಟಿದ ವಸ್ತುವಿನ ಮೇಲೆ ಗೃಹಸ್ಥನ ಹೊಣೆ ಅಲ್ಲಿಗೇ ಮುಗಿಯಿತೆ? ಇದು ಮೇಲುನೋಟಕ್ಕೆ ಪಂಚಾಯತಿಯ ವಿಷಯವಾಗಿ ತೋರಿದರೂ ಮೂಲತಃ ಧರ್ಮದ ಪ್ರಶ್ನೆಯೇ ಆಗಿದೆ.

ನಮ್ಮ ಹಿರಿಯರೂ ಕಸವನ್ನು ಮನೆಯ ಹೊರಗೇ ಹಾಕುತ್ತಿದ್ದರಲ್ಲವೆ ಎಂದು ಕೆಲವರು ಕೇಳಬಹುದು. ಹಾಕುತ್ತಿದ್ದರು, ನಿಜ. ಆದರೆ ಬೇರ್ಪಡಿಸದೆ ಹಾಕುತ್ತಿರಲಿಲ್ಲ. ಮುಸುರೆ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ ಒದಗುತ್ತಿತ್ತು. ಹರಿದ ಸೀರೆ, ಧೋತರಗಳು ಕೌದಿಯಾಗುತ್ತಿದ್ದವು. ಸಗಣಿ, ಮೇವಿನ ಕಡ್ಡಿ, ಸೊಪ್ಪುಸದೆಗಳು ತಿಪ್ಪೆ ಸೇರಿ, ಮಳೆಗಾಲಕ್ಕೆ ಮುನ್ನ ಗೊಬ್ಬರವಾಗಿ ಹೊಲ ಸೇರುತ್ತಿದ್ದವು. ಬಳ್ಳಾರಿ ಬಳಿಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ ಮುಂತಾದ ಕಡೆ ಬೂದಿದಿಬ್ಬಗಳಿವೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ದನ ಸಾಕುತ್ತಿದ್ದ ಜನ ರಾಶಿ ಹಾಕಿ ಸುಟ್ಟ ಸಗಣಿಯೇ ಆ ದಿಬ್ಬಗಳಾಗಿವೆ ಎಂದು ಪ್ರಾಕ್ತನಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಅಷ್ಟು ಹಳೆಯ ಜನರ ಕಸವನ್ನು ಇಂದಿಗೂ ಯಾರೂ ಭಯವಿಲ್ಲದೆ ಮುಟ್ಟಬಹುದು. ಇಂದಿನ ತಿಪ್ಪೆಯ ಸ್ಥಿತಿ ಬೇರೆ. ಹಾಲಿನ ಚೀಲ, ಗುಟ್ಕಾ ಚೀಟಿ, ಔಷಧದ ಪಟ್ಟಿ, ಒಡೆದ ಗಾಜು, ಸತ್ತ ಬ್ಯಾಟರಿ, ಕೀಟನಾಶಕದ ಡಬ್ಬಿ ಇವೆಲ್ಲ ಸಗಣಿಯೊಡನೆ ಒಂದೇ ಕುಣಿಯಲ್ಲಿ ಬಿದ್ದಿವೆ. ತಿಪ್ಪೆಯ ಹೆಸರು ಹಳೆಯದು, ಅದರೊಳಗಿನದು ಹೊಸದು. ಹಳೆಯ ಪದ್ಧತಿಯನ್ನೇ ನಡೆಸುತ್ತಿದ್ದೇವೆಂಬ ಸಮಾಧಾನಕ್ಕೆ ಆದುದರಿಂದ ಆಧಾರವಿಲ್ಲ.

ಹಾಗಾದರೆ ಕಸವೆಂದರೇನು? ಸಗಣಿ ತಿಪ್ಪೆಯಲ್ಲಿದ್ದರೆ ಗೊಬ್ಬರ, ಕುಡಿಯುವ ಬಾವಿಯಲ್ಲಿದ್ದರೆ ರೋಗ. ಗಾಜು ಕಿಟಕಿಯಲ್ಲಿದ್ದರೆ ಬೆಳಕು, ದಾರಿಯಲ್ಲಿದ್ದರೆ ಗಾಯ. ಕೊಳೆತನವು ವಸ್ತುವಿನ ಸ್ವಭಾವವಲ್ಲ, ಇರಬಾರದ ಎಡೆಯಲ್ಲಿ ಅದು ಇರುವುದರಿಂದ ಒದಗುವ ದೋಷವೆಂದು ಇಂಗ್ಲೆಂಡಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಬೆರಕೆಯೇ ಕಸದ ತಾಯಿ. ಅಡುಗೆಮನೆಯ ಸಿಪ್ಪೆಯೊಂದೇ ಇದ್ದರೆ ಅದು ಮಣ್ಣಿನ ಆಹಾರ. ಕಾಗದವೊಂದೇ ಇದ್ದರೆ ಅದು ಮತ್ತೆ ಕಾಗದವಾಗಬಲ್ಲದು. ಎರಡನ್ನೂ ಒಂದೇ ಚೀಲಕ್ಕೆ ತುರುಕಿ ಗಂಟು ಹಾಕಿದ ಕ್ಷಣದಲ್ಲಿ ಎರಡೂ ಕೆಟ್ಟವು. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ನೆಲದಾಳದಿಂದ ತಂದು, ಪುಡಿಮಾಡಿ, ಅದರಿಂದ ಕೆಲವೇ ಗ್ರಾಂ ಚಿನ್ನವನ್ನು ಬೇರ್ಪಡಿಸುತ್ತಾರೆ. ಅಷ್ಟು ಸ್ವಲ್ಪಕ್ಕಾಗಿ ಅಷ್ಟು ಶ್ರಮವನ್ನು ನಾವು ಮೆಚ್ಚುತ್ತೇವೆ. ಮೊದಲೇ ಬೇರೆಬೇರೆಯಾಗಿದ್ದ ವಸ್ತುಗಳನ್ನು ಬೆರಸದೆ ಇರುವ ಸುಲಭ ಶ್ರಮವನ್ನು ಮಾತ್ರ ನಮ್ಮ ಮನೆಯಲ್ಲಿ ಒಲ್ಲೆವೆನ್ನುತ್ತೇವೆ.

ಈ ಒಲ್ಲದಿಕೆಗೆ ಕಾರಣ ಸೋಮಾರಿತನವೊಂದೇ ಅಲ್ಲ. ಅದರ ಬೇರಿನಲ್ಲಿ ಹೇಸಿಗೆಯಿದೆ; ಹೇಸಿಗೆಯ ಬೇರಿನಲ್ಲಿ ಸೂತಕದ ಭಾವನೆಯಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಲಿಂಗಧಾರಿಗಳಿಗೆ ಇಲ್ಲವೆಂದು ನಮ್ಮ ಧರ್ಮ ಸಾರಿತು. ಇವುಗಳಲ್ಲಿ ಮೂರು ಕಸದ ಬುಟ್ಟಿಯಲ್ಲಿಯೇ ಇಂದಿಗೂ ಜೀವ ಹಿಡಿದಿವೆ. ಎಂಜಲನ್ನು ಮುಟ್ಟಬಾರದೆಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುತ್ತೇವೆ. ದನ ಅನ್ನದ ವಾಸನೆಗೆ ಚೀಲವನ್ನೂ ನುಂಗುತ್ತದೆ. ಹೆಣ್ಣುಮಕ್ಕಳು ತಿಂಗಳಿನಲ್ಲಿ ಬಳಸಿದ ಪ್ಯಾಡುಗಳನ್ನು ನಾಚಿಕೆಯಿಂದ ಉಳಿದ ಕಸದಲ್ಲಿ ಅಡಗಿಸುತ್ತಾರೆ. ಅವು ಯಾರದೋ ಬರಿಗೈಗೆ ತಗಲುತ್ತವೆ. ಆ ಕೈ ಯಾರದು? ನಮ್ಮ ಊರುಗಳಲ್ಲಿ ಅದು ಬಹುಮಟ್ಟಿಗೆ ಇಂಥದೇ ಕೇರಿಯವರದೆಂದು ಹೇಳದೆಯೂ ಎಲ್ಲರಿಗೆ ಗೊತ್ತಿದೆ. ಜಾತಿಸೂತಕವಿಲ್ಲವೆಂದು ವೇದಿಕೆಯ ಮೇಲೆ ನುಡಿದು, ಒಡೆದ ಗಾಜು, ಸೂಜಿ, ಎಂಜಲುಗಳನ್ನು ಕಲಸಿ ಒಬ್ಬ ಮನುಷ್ಯನ ಕೈಗೆ ಕೊಟ್ಟವನು ಅದೇ ಸೂತಕವನ್ನು ದಿನವೂ ಆಚರಿಸಿದಂತಾಯಿತು. ಸೂತಕವಿಲ್ಲವೆಂದರೆ ಸ್ವಚ್ಛತೆ ಬೇಡವೆಂದು ಅರ್ಥವಲ್ಲ. ತನ್ನ ಮನೆಯ ಮಲಿನವನ್ನು ತಾನೇ ಮುಟ್ಟಿ, ತಾನೇ ವಿಂಗಡಿಸಿ, ಮುಂದಿನವನಿಗೆ ಅಪಾಯವಿಲ್ಲದಂತೆ ಒಪ್ಪಿಸಬಲ್ಲ ನಿರ್ಭೀತಿಯೇ ಅದರ ಅರ್ಥ. ಶರಣೆ ಸತ್ಯಕ್ಕನಿಗೆ ಭಕ್ತರ ಮನೆಯಂಗಳ ಗುಡಿಸುವುದೇ ಕಾಯಕವಾಗಿತ್ತು. ಪೊರಕೆ ಹಿಡಿದ ಕೈಗೆ ಅನುಭವಮಂಟಪದ ಪರಂಪರೆಯಲ್ಲಿ ಗೌರವವಿತ್ತೆಂಬುದನ್ನು ನಾವು ಮರೆಯಲಾಗದು.

ಇನ್ನು ಕಾಲುವೆಯ ಮಾತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯಲಾರಂಭಿಸಿದ ಮೇಲೆ ಎಡದಂಡೆ ಕಾಲುವೆಯು ಸಿಂಧನೂರು ಸೀಮೆಯನ್ನು ಬತ್ತದ ಕಣಜವನ್ನಾಗಿ ಮಾಡಿತು. ಅದೇ ನೀರನ್ನು ಕೆರೆಗಳಿಗೆ ತುಂಬಿಸಿಕೊಂಡು ಎಷ್ಟೋ ಹಳ್ಳಿಗಳು, ಕ್ಯಾಂಪುಗಳು ಕುಡಿಯುತ್ತವೆ. ಮೇಲಿನ ಊರಿನವನು ಕಾಲುವೆಗೆ ಸುರಿದ ಚೀಲ ಅವನ ಕಣ್ಣಿಗೆ ಮರೆಯಾಗುತ್ತದೆ. ಕೆಳಗಿನ ಊರಿನ ತೂಬಿಗೆ ಅಡರುತ್ತದೆ. ಕೀಟನಾಶಕದ ಡಬ್ಬಿಯನ್ನು ಅಲ್ಲಿಯೇ ತೊಳೆದರೆ ಆ ವಿಷಕ್ಕೆ ಊರಿನ ಗಡಿ ತಿಳಿಯದು. ಒಬ್ಬನು ತಾನು ಮಾಡುವ ಕೆಲಸವನ್ನು ಸರ್ವರೂ ಮಾಡಲೆಂದು ಮನಃಪೂರ್ವಕ ಬಯಸಬಲ್ಲನೆ ಎಂಬುದು ಜರ್ಮನಿಯ ತತ್ತ್ವಜ್ಞ ಕಾಂಟ್ ನೀತಿಗೆ ಒಡ್ಡಿದ ಒರೆಗಲ್ಲು. ತನಗಿಂತ ಮೇಲಿನ ಊರುಗಳೆಲ್ಲವೂ ಕಾಲುವೆಗೆ ಕಸ ಸುರಿಯಲೆಂದು ಸಿಂಧನೂರಿನ ಯಾವ ರೈತ ಬಯಸಿಯಾನು? ಬಯಸನಾದರೆ ಅವನು ತನ್ನ ಚೀಲವನ್ನು ಎತ್ತಿ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಬೇಕು. ಕಾಲುವೆಗೆ ಹಾಕದೆ ಸುಟ್ಟುಬಿಟ್ಟರೆ ತೀರಿತೆನ್ನುವವರೂ ಉಂಟು. ಪ್ಲಾಸ್ಟಿಕ್ ಸುಟ್ಟಾಗ ಏಳುವ ಹೊಗೆಯಲ್ಲಿ ಶ್ವಾಸಕ್ಕೆ ಮಾರಕವಾದ ವಿಷಗಳಿರುತ್ತವೆ. ನೀರಿನ ಪಾಲಿನದನ್ನು ಗಾಳಿಗೆ ಹಂಚಿದರೆ ಪಾಪದ ಭಾರ ಇಳಿಯುವುದಿಲ್ಲ.

ಈ ಸೀಮೆಗೆ ಇಂತಹ ವಿವೇಕವನ್ನು ಪರಸ್ಥಳದಿಂದ ತರಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇದೇ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಲೋಕ ಕಸವೆಂದು ಬಿಟ್ಟುದನ್ನು ಅವನು ಪ್ರಸಾದವಾಗಿಸಿದನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಹಾಕಿ ಬರುವಂತೆ ಹಿಂದಕ್ಕೆ ಕಳುಹಿಸಿದಳು. ಮನೆಯೊಳಕ್ಕೆ ಬರುವುದು ಎಷ್ಟು, ಏಕೆ ಎಂದು ಆ ತಾಯಿ ಹೊಸ್ತಿಲಲ್ಲಿ ನಿಂತು ಪ್ರಶ್ನಿಸಿದಳು. ಹೊರಕ್ಕೆ ಹೋಗುವುದು ಎಷ್ಟು, ಎಲ್ಲಿಗೆ ಎಂದು ಅದೇ ಹೊಸ್ತಿಲಲ್ಲಿ ನಿಂತು ಕೇಳುವುದು ನಮ್ಮ ಕಾಲದ ಕರ್ತವ್ಯ. ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಬೇಡದುದನ್ನು ಒಳಗೆ ತರದವನಿಗೆ ಹೊರಗೆ ಎಸೆಯುವ ಕಷ್ಟವೂ ಕಡಮೆ.

ಆಚರಣೆಯ ಮಾರ್ಗ ಕಠಿಣವಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರು ಪಾಲು ಮಾಡುವುದನ್ನು ಮನೆಯವರ ಕರ್ತವ್ಯವೆಂದು ಸಾರಿದವು. ಹಳ್ಳಿಯ ಮನೆಗೆ ಇದನ್ನು ಹೀಗೆ ಹೇಳಬಹುದು. ಕೊಳೆಯುವುದೆಲ್ಲ ದನಕ್ಕೆ ಅಥವಾ ತಿಪ್ಪೆಗೆ. ಹಿತ್ತಲಿನ ಕುಣಿಯಲ್ಲಿ ಸಿಪ್ಪೆ, ಸೊಪ್ಪು, ಸಗಣಿ, ಮಣ್ಣುಗಳನ್ನು ಪದರಪದರವಾಗಿ ಹಾಕಿ ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಅತಿನೀರಿನಿಂದ ಎಷ್ಟೋ ಹೊಲಗಳು ಸವಳಾಗಿರುವ ಈ ನೀರಾವರಿ ಪ್ರದೇಶದಲ್ಲಿ ಮಣ್ಣು ಅಂತಹ ಗೊಬ್ಬರಕ್ಕಾಗಿ ಹಸಿದಿದೆ. ಕಾಗದ, ಪ್ಲಾಸ್ಟಿಕ್, ಲೋಹಗಳನ್ನು ಒದ್ದೆಯಾಗದಂತೆ ಬೇರೆ ಚೀಲದಲ್ಲಿಟ್ಟು ಪಂಚಾಯತಿಯ ಸ್ವಚ್ಛವಾಹಿನಿಗೆ ಕೊಡಬೇಕು. ಪ್ಯಾಡು, ಮಕ್ಕಳ ಡಯಾಪರುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಡಬೇಕು. ಗಾಜು, ಸೂಜಿ, ಬ್ಯಾಟರಿ, ಹಳೆಯ ಮಾತ್ರೆಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಡಬೇಕು. ಕೀಟನಾಶಕದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ಪಂಪಿಗೇ ಸುರಿದು, ಡಬ್ಬಿಗೆ ತೂತು ಮಾಡಬೇಕು. ಅದರಲ್ಲಿ ಎಣ್ಣೆಯನ್ನಾಗಲಿ ನೀರನ್ನಾಗಲಿ ತುಂಬಿಡತಕ್ಕದ್ದಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಯಂದಿರ ಮೇಲೆಯೇ ಈ ಹೊರೆಯನ್ನೂ ಹೊರಿಸಿ ಗಂಡಸರು ಕಟ್ಟೆಗೆ ಹೋಗಿ ಕೂಡುವುದು ನ್ಯಾಯವಲ್ಲ. ಚೆಲ್ಲಿದ್ದನ್ನು ಬಗ್ಗಿ ಆಯ್ದವನು ಮಾರಯ್ಯನೇ ಎಂಬುದನ್ನು ನೆನೆಯಬೇಕು.

ಇಲ್ಲಿ ಒಂದು ಆಕ್ಷೇಪ ಏಳುವುದುಂಟು. ನಾವು ವಿಂಗಡಿಸಿ ಕೊಟ್ಟರೂ ಬಂಡಿಯಲ್ಲಿ ಎಲ್ಲವನ್ನೂ ಒಂದಾಗಿ ಸುರಿಯುತ್ತಾರೆ, ನಮ್ಮೊಬ್ಬರಿಂದ ಏನಾದೀತು ಎಂಬುದು. ಕೆಲವೆಡೆ ಹಾಗೆ ಸುರಿಯುವುದುಂಟು. ಅದಕ್ಕೆ ಉತ್ತರ ಗ್ರಾಮಸಭೆಯಲ್ಲಿದೆ. ಊರಿನ ನೈರ್ಮಲ್ಯವನ್ನು 1993ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮ ಪಂಚಾಯತಿಯ ಕರ್ತವ್ಯವೆಂದು ವಿಧಿಸಿದೆ. ತನ್ನ ಮನೆಯಲ್ಲಿ ವಿಂಗಡಿಸಿದವನಿಗೆ ಮಾತ್ರ ಅಲ್ಲಿ ಎದ್ದುನಿಂತು ಲೆಕ್ಕ ಕೇಳುವ ನೈತಿಕ ಬಲ ಬರುತ್ತದೆ. ಕಸ ಒಯ್ಯುವವರಿಗೆ ಕೈಗವಸು, ಬೂಟು, ಸಕಾಲದ ವೇತನ ಸಿಗುತ್ತಿದೆಯೆ ಎಂದು ಕೇಳುವುದೂ ಅವನ ಹೊಣೆಯೇ. ಇತರರು ತಪ್ಪಿದರೆಂಬುದು ನಮ್ಮ ತಪ್ಪಿಗೆ ರಹದಾರಿಯಲ್ಲ. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಅದರಲ್ಲಿ ಆ ಚಕ್ರವರ್ತಿಯ ಹೆಸರೇ ಸ್ಪಷ್ಟವಾಗಿ ದೊರೆತುದರಿಂದ ಅದು ಜಗತ್ಪ್ರಸಿದ್ಧವಾಯಿತು. ಅದರ ತಾತ್ಪರ್ಯವನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಭಾವಿಸಬಾರದು, ಧರ್ಮದಲ್ಲಿ ತೊಡಗಿದ ಸಾಮಾನ್ಯನಿಗೂ ಅದು ಲಭಿಸುವುದೆಂದು ಆ ಶಾಸನ ತಿಳಿಸುತ್ತದೆ. ನಮ್ಮೊಬ್ಬರಿಂದ ಏನಾದೀತು ಎನ್ನುವವರಿಗೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಸಮಾಧಾನ ಊರ ಬೆಟ್ಟದಲ್ಲಿಯೇ ಕಾದಿದೆ.

ಭಕ್ತರಿಗೆ ಹೇಳುವುದನ್ನು ಮಠಗಳು ಮೊದಲು ನಡೆಸಿ ತೋರಬೇಕು. ಎಡೆಯಲ್ಲಿ ಒಂದು ಅಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಪ್ರಸಾದನಿಷ್ಠೆ ನಮ್ಮಲ್ಲಿ ಉಂಟು. ಅದೇ ಪರಂಪರೆಯ ಜಾತ್ರೆಗಳಲ್ಲಿ ದಾಸೋಹ ಮುಗಿದ ಮೇಲೆ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿಗಳು ಗಾಳಿಗೆ ಹೊರಳುವುದು ಶೋಭಿಸದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು 2022ರ ಜುಲೈ 1ರಿಂದ ಕಾನೂನೇ ನಿಷೇಧಿಸಿದೆ. ಕಾನೂನಿಗೆ ಮೊದಲೇ ಧರ್ಮ ನಿಷೇಧಿಸಬೇಕಾಗಿತ್ತು. ನೆರೆಯ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು 2019ರಲ್ಲಿ ಜನರೊಡನೆ ಹಿರೇಹಳ್ಳಕ್ಕೆ ಇಳಿದು ಅದನ್ನು ಸ್ವಚ್ಛಗೊಳಿಸುವ ಕಾರ್ಯ ಕೈಗೊಂಡುದು ಮಠಗಳು ಏನು ಮಾಡಬಲ್ಲವೆಂಬುದಕ್ಕೆ ನಿದರ್ಶನ. ಹಳ್ಳವನ್ನು ಒಮ್ಮೆ ಶುದ್ಧಿಗೊಳಿಸಲು ಸಾವಿರ ಕೈಗಳು ಬೇಕು. ಅದು ಮತ್ತೆ ಕೆಡದಿರಲು ಪ್ರತಿ ಮನೆಯ ಎರಡು ಕೈಗಳು ದಿನವೂ ಬೇಕು.

ಆದುದರಿಂದ ಹೊಸ್ತಿಲಾಚೆಯ ಕಸವೂ ನಮ್ಮದೇ. ಅದು ಮಣ್ಣನ್ನೋ ಹೊಸ ಉಪಯೋಗವನ್ನೋ ಸುರಕ್ಷಿತವಾದ ಎಡೆಯನ್ನೋ ಸೇರುವವರೆಗೆ ನಮ್ಮ ಕಾಯಕ ಮುಗಿಯಲಿಲ್ಲ. ತನ್ನ ಅಂಗಳದ ರಂಗೋಲಿಗಾಗಿ ನೆರೆಯವನ ಬಾಗಿಲನ್ನು ಮಲಿನಗೊಳಿಸದಿರುವುದು ಲಿಂಗಪೂಜೆಯಷ್ಟೇ ನಿತ್ಯದ ನಿಯಮವೆಂದು ಸದ್ಭಕ್ತರು ಬಗೆಯಲಿ. ಮನೆಮನೆಯಲ್ಲಿ ನಾಳಿನ ಬೆಳಗಿನಿಂದಲೇ ಅದನ್ನು ಆರಂಭಿಸಲಿ ಎಂದು ಹಾರೈಸುತ್ತೇವೆ.