ಮಂಗಳ ಹಾಡದ ಭಜನೆ

ನಮ್ಮಪ್ಪ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಗಣಿ ಕೆಲಸಕ್ಕೆ ಹೋಗುತ್ತಿದ್ದರು. ಶನಿವಾರ ಶಿಫ್ಟ್ ಮುಗಿಸಿ ಬಂದು, ಮಿಂದು, ಭಜನೆಗೆ ಕೂರುತ್ತಿದ್ದರು. ದಾಸರ ಪದ, ಕೈವಾರ ತಾತಯ್ಯನವರ ತೆಲುಗು ಕೀರ್ತನೆ, ಎರಡೂ ಬಾಯಿಪಾಠ. 1987ರ ಒಂದು ಶನಿವಾರ ಟೇಪ್ ರೆಕಾರ್ಡರ್ ಹಚ್ಚಿಟ್ಟೆ. ಆಗಲೇ ಅವರ ಎದೆಯಲ್ಲಿ ಧೂಳು ಕೂತಿತ್ತು. ಕೊನೆಗೆ ಮಂಗಳಕ್ಕೆ ಶ್ರುತಿ ಹಿಡಿದರು, ಬಾಯಿ ತೆರೆದರು, ಕೆಮ್ಮು ಬಂತು. ತಾಳ ನಿಂತಿತು. ಆಮೇಲೆ ಹತ್ತು ಹನ್ನೊಂದು ಸೆಕೆಂಡು ಸದ್ದಿಲ್ಲ. ಹಾರ್ಮೋನಿಯಂ ತಿದಿಯಿಂದ ಗಾಳಿ ಇಳಿಯುವುದಷ್ಟೇ ಕೇಳಿಸುತ್ತದೆ. ಅದರ ಹಿಂದೆಯೇ ಅಮ್ಮನ ದನಿ: ‘ಯಾರಾದ್ರೂ ನೀರು ತನ್ರೋ.’

‘ಮಂಗಳ ಇಲ್ಲದ ಭಜನೆ ಮನೇಲಿ ಇಟ್ಕೋಬಾರ್ದು ಕಣಪ್ಪ, ಅಳಿಸಿಬಿಡು’ ಎಂದರು ಅಪ್ಪ. ನಾನು ಅಳಿಸಲಿಲ್ಲ. ಅಳಿಸಲಿಲ್ಲ ಎಂದು ಅವರಿಗೆ ಹೇಳಲೂ ಇಲ್ಲ. 1991ರಲ್ಲಿ ಅವರು ತೀರಿಕೊಂಡ ಮೇಲೆ ಆ ಮಾತು ನನ್ನನ್ನು ಹಿಡಿದುಕೊಂಡಿತು. ಅರ್ಧಕ್ಕೆ ನಿಂತ ಪೂಜೆ ದೇವರಿಗೆ ಸಲ್ಲುತ್ತದೆಯೇ? ಪೂಜೆಯ ಕೊನೆಯಲ್ಲಿ ಮಂತ್ರಲೋಪ, ಕ್ರಿಯಾಲೋಪಗಳಿಗೆ ಕ್ಷಮೆ ಬೇಡುತ್ತೇವೆ, ನಿಜ. ಆದರೆ ಉಸಿರೇ ಸಾಲದೆ ಹೋದದ್ದಕ್ಕೆ ಕ್ಷಮೆ ಯಾಕೆ ಬೇಡಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೊಂದು ಕ್ಯಾಸೆಟ್ಟಿನಿಂದ. ಗಣಿ ಪ್ರದೇಶದ ಊರಿಗಾಂನಲ್ಲಿ ಚರ್ಚಿನ ಆರ್ಗನ್ ನುಡಿಸುತ್ತಿದ್ದ ಆಂಗ್ಲೋ ಇಂಡಿಯನ್ ಟೀಚರೊಬ್ಬರು ಆಸ್ಟ್ರೇಲಿಯಾದ ಮಗಳ ಮನೆಗೆ ಹೊರಟಾಗ ನನಗೊಂದು ಕ್ಯಾಸೆಟ್ ಕೊಟ್ಟುಹೋದರು. ರುಮೇನಿಯಾದ ಪಿಯಾನೋ ವಾದಕ ದಿನು ಲಿಪಾಟಿ ಅವರ ಕಡೆಯ ಕಛೇರಿ ಅದು. 1950ರ ಸೆಪ್ಟೆಂಬರ್ 16, ಫ್ರಾನ್ಸಿನ ಬೆಸಾಂಸೋನ್ ಊರು. ಲಿಪಾಟಿಯವರಿಗೆ 33 ವರ್ಷ, ಹಾಡ್ಜ್‌ಕಿನ್ ಕಾಯಿಲೆ ಮೈಯನ್ನೆಲ್ಲ ತಿಂದಿತ್ತು. ವೈದ್ಯರು ಬೇಡವೆಂದರೂ ಬಂದು ಕೂತರು. ರೇಡಿಯೋದವರು ಮುದ್ರಿಸಿಕೊಂಡರು.

ಬಾಖ್ ಅವರ ಪಾರ್ಟೀಟಾ ಶುರುವಾಗುವ ಮುಂಚೆ ಲಿಪಾಟಿ ಸುಮ್ಮನೆ ಪಿಯಾನೋ ಮನೆಗಳ ಮೇಲೆ ಬೆರಳಾಡಿಸಿ ಕೆಲವು ಸ್ವರ ನುಡಿಸುತ್ತಾರೆ. ಅಪ್ಪ ಹಾರ್ಮೋನಿಯಂ ಮುಂದೆ ಶ್ರುತಿ ನೋಡಿಕೊಳ್ಳುತ್ತಿದ್ದಂತೆಯೇ. ಆಮೇಲೆ ಮೊಜಾರ್ಟ್, ಶೂಬರ್ಟ್, ಕೊನೆಗೆ ಶೋಪೆನ್ ಅವರ ವಾಲ್ಟ್ಜ್‌ಗಳು. 14 ನುಡಿಸಬೇಕಿತ್ತು. 13ಕ್ಕೆ ಶಕ್ತಿ ತೀರಿತು, ಎದ್ದುಹೋದರು. ಡಿಸೆಂಬರ್ 2ಕ್ಕೆ ಪ್ರಾಣ ಹೋಯಿತು.

ಅದೇ ವರ್ಷದ ಜುಲೈನಲ್ಲಿ ಜಿನೀವಾದಲ್ಲಿ 14ನ್ನೂ ಅವರು ಪೂರ್ತಿ ಮುದ್ರಿಸಿದ್ದರು. ಜಿನೀವಾದ ಮುದ್ರಿಕೆ ಲೋಪವಿಲ್ಲದ್ದು, ಅದನ್ನೂ ಕೇಳಿದ್ದೇನೆ. ಆದರೂ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಹದಿಮೂರರ ಹತ್ತಿರವೇ. ಕೈಯಲ್ಲಿ ಬೇಕಾದಷ್ಟಿದ್ದಾಗ ಕೊಟ್ಟದ್ದು ಜಿನೀವಾದ್ದು. ಬೆಸಾಂಸೋನ್‌ನಲ್ಲಿ ಕೊಟ್ಟ ಮೇಲೆ ಇನ್ನೇನೂ ಉಳಿದಿರಲಿಲ್ಲ. ನೈವೇದ್ಯ ಎಂದರೆ ಇದೇ ಎಂದು ನಾನು ನಂಬುತ್ತೇನೆ.

ಇನ್ನೊಂದು ಸಂಗತಿ ಇದೆ. ಎದ್ದುಹೋದವರು ಸ್ವಲ್ಪ ಹೊತ್ತಿಗೆ ತಿರುಗಿ ಬಂದು, ಬಾಖ್ ರಚಿಸಿದ ಯೇಸುವಿನ ಸ್ತುತಿಗೀತೆಯನ್ನು ನುಡಿಸಿದರೆಂದು ಹೇಳುತ್ತಾರೆ. ನನ್ನ ಕ್ಯಾಸೆಟ್ಟಿನಲ್ಲಿ ಅದು ಇಲ್ಲ. ವಾಲ್ಟ್ಜ್‌ಗಳು ಉಳಿದವು, ಪ್ರಾರ್ಥನೆ ಉಳಿಯಲಿಲ್ಲ. ಸಲ್ಲಬೇಕಾದಲ್ಲಿಗೆ ಸಂದ ಮೇಲೆ ಅದು ಟೇಪಿನಲ್ಲಿ ಯಾಕಿರಬೇಕು?

ಇದನ್ನು ತಿಳಿದ ರಾತ್ರಿ ಅಪ್ಪನ ಕ್ಯಾಸೆಟ್ ತೆಗೆದೆ. ಸದ್ದಿಲ್ಲದ ಆ ಹನ್ನೊಂದು ಸೆಕೆಂಡು ಬಂದಾಗ ಅಂದು ಕಣ್ಣಾರೆ ಕಂಡದ್ದು ನೆನಪಾಯಿತು: ಅಪ್ಪ ಎರಡೂ ಕೈ ಜೋಡಿಸಿ ಕೂತಿದ್ದರು, ತುಟಿ ಆಡುತ್ತಿತ್ತು.

ಪ್ರತಿವರ್ಷ ಅವರ ತಿಥಿಯ ಸಂಜೆ ಆ ಕ್ಯಾಸೆಟ್ ಹಾಕುತ್ತೇವೆ. ನೀರು ಕೇಳುವ ಅಮ್ಮನ ದನಿಗೆ ಅದು ಮುಗಿಯುತ್ತದೆ. ಅದರ ಮೇಲೆ ನಾವು ಯಾರೂ ಮಂಗಳ ಹಾಡುವುದಿಲ್ಲ. ಅಪ್ಪ ಹಾಡಿಯಾಗಿದೆ.