ಕಂಬದ ಕುಣಿ, ಬಾಂದುಕಲ್ಲು

ನಮ್ಮ ಜತ್ತ ಭಾಗದ ಮಡ್ಡಿ ಹೊಲ ಎಂಥಾದ್ದು ಅಂತ ಓದುವ ನಿಮಗೆಲ್ಲ ಗೊತ್ತೇ ಐತಿ. ಮೇಲೆ ಗೇಣು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಇಂಥಾ ನೆಲದಾಗ ಬೇಲಿಕಂಬದ ಕುಣಿ ತೋಡುವವನಿಗೆ ಅವಸರ ಇರಬಾರದು. 6 ಫೂಟಿನ ಕಂಬಕ್ಕೆ 2 ಫೂಟು ಕುಣಿ ಬೇಕು. ಸಂಜೀಕ ಒಂದಿಷ್ಟು ತೋಡಿ ನೀರು ತುಂಬಿಸಿ ಬಿಟ್ಟರೆ ಮುಂಜಾನೆ ಗರಸು ಹಾರೆಗೆ ಬಗ್ಗುತ್ತದೆ. ಕಲ್ಲು ಬಗ್ಗುವುದಿಲ್ಲ. ಹಾರೆ ಬಡಿದಾಗ ದಪ್ ಅಂದರೆ ಬಿಡಿಗಲ್ಲು, ಸುತ್ತ ಮೀಟಿ ತೆಗೀಬಹುದು. ಠಣ್ ಅಂದು ಕೈ ಜುಮ್ಮೆಂದರೆ ಬಂಡೆ. ಆಗ ಕುಣಿಯನ್ನೇ ಸರಿಸಬೇಕು.

ಯಾವ ಕಡೆ ಸರಿಸಬೇಕು? ಪ್ರಶ್ನೆ ಹುಟ್ಟೋದು ಇಲ್ಲೇ. ಬೇಲಿಯ ಉದ್ದಕ್ಕೆ ಸರಿಸಿದರೆ ಒಂದು ಕಂಬ ಹೆಚ್ಚು ಬೇಕಾದೀತು, ಖರ್ಚು ನಮ್ಮದು. ಅಡ್ಡಕ್ಕೆ ಸರಿಸಿದರೆ ಬಾಜುದವರ ಭೂಮಿ ಹೋದೀತು.

ಹೋದ ಬ್ಯಾಸಿಗ್ಯಾಗ ದಾಳಿಂಬೆಗೆ ಬೇಲಿ ಹಾಕಲು ನಿಂತೆ. ಬದುವಿನ ಗುಂಟ 11 ಕುಣಿ ಮುಗಿದವು. ಹನ್ನೆರಡನೆಯದು ಮೂಲೆಗಂಬದ್ದು. ಅಲ್ಲಿ ಬಂಡೆ ಬಂತು. ನನ್ನ ಹೊಲದ ಕಡೆಗೇ ಒಂದು ಮೊಳ ಸರಿಸಿದೆ. ಹಂಗ ಸರಿಸಿದ್ದಕ್ಕೆ ಒಳಗೊಳಗ ಹೆಮ್ಮೆನೂ ಆತು. ಅಲ್ಲಿ ಗೇಣು ತೋಡುವುದರಾಗ ಮತ್ತೆ ಠಣ್ ಅಂತು. ಮಣ್ಣು ಬಳಿದು ನೋಡಿದರೆ ಚೌಕ ಕಡೆದ ಕಲ್ಲು. ಮೋಜಣಿಯವರು ಹುಗಿದ ಬಾಂದುಕಲ್ಲು!

ಅಂದರ ನಮ್ಮ ಬದು ಬಾಜುದವರ ಹೊಲದಾಗ ಒಂದು ಮೊಳ ಹೋಗಿ ಕುಂತಿತ್ತು. ಯಾರೂ ಒಂದು ರಾತ್ರಿಯಲ್ಲಿ ಸರಿಸಿದ್ದಲ್ಲ. ವರ್ಷಕ್ಕೊಂದು ಬೆರಳು ರಂಟೆ ಬದುವಿನ ಬುಡ ಕೆರೆದಿತ್ತು. ಅಪ್ಪನ ಕಾಲಕ್ಕ ಸ್ವಲ್ಪ, ನನ್ನ ಕಾಲಕ್ಕ ಹೆಚ್ಚು.

ಮಗ ಅಂದ, "ಮುಚ್ಚಿಬಿಡು ಅಪ್ಪಾ. ಯಾರ ಕಂಡಾರ?"

ತಿಳಿಯದೆ ತಗೊಂಡದ್ದು ಕಳವು ಹೌದೋ ಅಲ್ಲೋ ಅಂತ ಕಲ್ಲಿನ ಬಾಜು ಕುಂತು ವಿಚಾರ ಮಾಡಿದೆ. ಕಂಡ ಮೇಲೂ ಮುಚ್ಚಿದರೆ ಕಳವೇ, ಅದರಾಗ ಅನುಮಾನ ಇಲ್ಲ. ಆದರ ಮೊದಲು ನಿಜವಾಗಿ ತಿಳಿದಿರಲಿಲ್ಲೇನು? ಮೇಳಿ ಯಾವ ಕಡೆ ಒತ್ತಬೇಕು ಅನ್ನೋದು ನನ್ನ ಕೈಗೆ ಗೊತ್ತಿತ್ತು. ರಾತ್ರಿ ಭಜನಿಯೊಳಗ 'ಯಾವುದೂ ಸಂಗಡ ಬರೂದಿಲ್ಲ' ಅನ್ನೋ ಅರ್ಥದ ಪದ ಹಾಡಿ, ಮುಂಜಾನೆ ಅದೇ ಕೈಲೆ ಬದು ಕೆರೆದವನು ನಾನು.

ಬಾಜು ಹೊಲದ ಹೆಣ್ಣುಮಗಳಿಗೆ ಹೋಗಿ ಹೇಳಿದೆ. ಗಂಡ ತೀರಿಕೊಂಡಾಕಿ. ಆಕಿಗೆ ಆಶ್ಚರ್ಯ ಆಗಲಿಲ್ಲ. "ನಮ್ಮವರು ಇದ್ದಾಗಿಂದ ಗೊತ್ತೈತಿ ಅಣ್ಣಾ. ಕುಡಿಯೋ ನೀರು ನಿಮ್ಮ ಬಾವಿದು. ಬಾಯಿ ಹೆಂಗ ತೆಗೀಲಿ?" ಅಂದಳು.

ಹಾರೆಯ ಪೆಟ್ಟಿಗಿಂತ ಆ ಮಾತು ಹೆಚ್ಚು ಬಡೀತು. ಅವರು ಸುಮ್ಮನಿದ್ದದ್ದನ್ನ ನಾನು ಒಪ್ಪಿಗೆ ಅಂತ ತಿಳಿದಿದ್ದೆ. ಅದು ಅಂಜಿಕೆ ಇತ್ತು.

ಅಪ್ಪ ಮಗ ಕೂಡಿ 11 ಕುಣಿ ಮತ್ತೆ ತೋಡಿದೆವು. ಅಂಗೈ ಬೊಬ್ಬೆ ಬಂದವು. ಹಳೇ ಕುಣಿ ಮುಚ್ಚಲು ಹೋದರೆ ಆಕಿ, "ಇರಲಿ ಬಿಡ್ರಿ, ಮಳಿಯಾದ ಮ್ಯಾಲೆ ನುಗ್ಗಿ ಹಚ್ಚತೀನಿ" ಅಂದಳು.

ಭೂಮಿ ತಿರುಗಿ ಕೊಟ್ಟೆ. ಅಷ್ಟು ವರ್ಷ ಆ ಮೊಳ ನೆಲದಾಗ ಬೆಳೆದು ಉಂಡ ಜೋಳ ಹೆಂಗ ಕೊಡಲಿ? ಅದಕ್ಕೆ ಉತ್ತರ ಸಿಕ್ಕಿಲ್ಲ. ಬಾವಿಯ ದಾರಿಗೆ ಮಾತ್ರ ಬೇಲಿ ಹಾಕಿಲ್ಲ. ಈಗ ಆಕಿ ನನ್ನ ಕೇಳದೇ ನೀರು ಒಯ್ಯತಾಳ.