ಪಾಂಡುವನ್ನು ನೋಡಿ ನಕ್ಕವರು

ನಗುವವನ ಎದೆ ಆ ಹೊತ್ತಿಗೆ ಮರಗಟ್ಟಿರಲೇಬೇಕು, ಕನಿಕರವೋ ಪ್ರೀತಿಯೋ ಒಳಗೆ ಕಾಲಿಟ್ಟರೆ ನಗು ಅಲ್ಲಿ ನಿಲ್ಲುವುದಿಲ್ಲ ಎಂದು ವಾದಿಸಿದವನು ಫ್ರಾನ್ಸಿನ ಆನ್ರಿ ಬರ್ಗ್‌ಸನ್. ನಗೆಯ ಬಗ್ಗೆ ಅವನು ಬರೆದ ಸಣ್ಣ ಪುಸ್ತಕ 1900ರಲ್ಲಿ ಬಂತು. ನೂರು ವರ್ಷ ದಾಟಿದರೂ, ನಗೆಯನ್ನು ಕುರಿತು ಗಂಭೀರವಾಗಿ ಮಾತಾಡುವವರು ಅದನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ನನಗೆ ಆ ಮಾತು ಸಿಟ್ಟು ತರಿಸುತ್ತದೆ. ಅದು ನಿಜವಾದರೆ, ಚಿನಕುರಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಈಟಿವಿ ಹಾಕಿಕೊಂಡು ‘ಪಾಪ ಪಾಂಡು’ ನೋಡಿ ನಕ್ಕ ಸಂಜೆಗಳೆಲ್ಲ ಎದೆ ಸತ್ತವರ ಸಂಜೆಗಳಾಗಿಬಿಡುತ್ತವೆ. ಹಾಗಿರಲಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದಕ್ಕೂ ತೋರಿಸಿಕೊಡುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಈ ಬರಹ ಶುರುಮಾಡುವ ತನಕ ತಿಳಿದಿರಲಿಲ್ಲ.

ಈ ವಾದ ಈಚೆಗೆ ಹೊಸ ಬಟ್ಟೆ ತೊಟ್ಟು ನನ್ನ ಎದುರಿಗೇ ಬಂತು. ಮೈಸೂರಿನಲ್ಲಿ ಓದುತ್ತಿರುವ ನನ್ನ ಸೋದರಳಿಯ, ನಾನು ಫೋನಿನಲ್ಲಿ ಆ ಧಾರಾವಾಹಿಯ ಹಳೆಯ ಕಂತೊಂದನ್ನು ನೋಡುತ್ತಿದ್ದಾಗ, “ಮಾವ, ಹೆಂಡ್ತಿಗೆ ಹೆದರೋ ಒಬ್ಬ ಬಡಪಾಯಿನ ದಿನಾ ಗೋಳು ಹೊಯ್ಕೋತಿದ್ರು, ನೀವು ನಗ್ತಿದ್ರಿ. ಆವಾಗ ನಗೋಕೆ ಮನಸ್ಸನ್ನ ಜೋಮು ಹಿಡಿಸ್ಕೊಂಡ್ರಿ. ಈಗ ಅದನ್ನ ನೆನೆಸ್ಕೊಂಡು ಇನ್ನೊಂದ್ಸಲ ಜೋಮು ಹಿಡಿಸ್ಕೋತಿದೀರಿ” ಅಂದ. ಹಳೆಯ ಹಾಸ್ಯ ಧಾರಾವಾಹಿಯ ಮೇಲಿನ ಮೋಹ ಅವನ ಪಾಲಿಗೆ ಎರಡು ಸಲ ಕೊಟ್ಟ ಅರಿವಳಿಕೆ. ಅವನು ಬರ್ಗ್‌ಸನ್ನನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಈ ವಿಷಯಕ್ಕೆ ಬಂದವರೆಲ್ಲ ಒಂದು ಮೆರವಣಿಗೆ ಹೊರಡಿಸುವುದುಂಟು. ಅರಿಸ್ಟಾಟಲನ ಕೀಳು ಜನ, ಹಾಬ್ಸನ ಮೇಲರಿಮೆ, ಕಾಂಟನ ಬರಿದಾದ ನಿರೀಕ್ಷೆ, ಫ್ರಾಯ್ಡನ ಬಿಡುಗಡೆ. ನಮ್ಮ ಭರತ ಮುನಿ ಹಾಸ್ಯವನ್ನು ಶೃಂಗಾರದಿಂದ ಹುಟ್ಟಿಸಿ, ಆಮೇಲೆ ನಗುವನ್ನು ಆರು ಬಗೆಯಾಗಿ ಒಡೆದು, ಉತ್ತಮರಿಗೆ ಹಲ್ಲು ಕಾಣದ ನಗುವನ್ನೂ ಅಧಮರಿಗೆ ಅಬ್ಬರದ ನಗುವನ್ನೂ ಹಂಚಿಕೊಟ್ಟ. ಹಲ್ಲು ತೋರಿಸಿಯೇ ನಗುವ ಊರಿನವನಾದ ನನಗೆ ಈ ಪಟ್ಟಿಗಳಿಂದ ಏನೂ ಸಿಕ್ಕಿಲ್ಲ. ಜಗಳವಾಡಲು ಬರ್ಗ್‌ಸನ್ನನೇ ಸರಿ.

ಅವನ ವಾದವನ್ನು ಮೊದಲು ನೆಟ್ಟಗೆ ಹೇಳಬೇಕು. ಬೀದಿಯಲ್ಲಿ ಓಡುತ್ತಿದ್ದವನು ಎಡವಿ ಬೀಳುತ್ತಾನೆ, ಕಂಡವರು ನಗುತ್ತಾರೆ. ಬೇಕೆಂದೇ ಕೂತಿದ್ದರೆ ಯಾರೂ ನಗುತ್ತಿರಲಿಲ್ಲ. ದಾರಿಗೆ ತಕ್ಕಂತೆ ಬದಲಾಗಬೇಕಿದ್ದ ಮೈ ಹಳೆಯ ಓಟವನ್ನೇ ಯಂತ್ರದಂತೆ ಮುಂದುವರಿಸಿತು, ಅದಕ್ಕೇ ನಗು. ಜೀವ ಎಂದರೆ ಕ್ಷಣಕ್ಷಣಕ್ಕೂ ಬಾಗುವುದು, ಬದಲಾಗುವುದು. ಅದು ಬಿಗಿದುಕೊಂಡಾಗ ಸಮಾಜ ನಗುವಿನಿಂದ ಚುಚ್ಚಿ ಸರಿಪಡಿಸುತ್ತದೆ. ಜನ ಕುಣಿಯುತ್ತಿರುವ ಕಡೆ ಕಿವಿ ಮುಚ್ಚಿಕೊಂಡು ನೋಡಿದರೆ ಸಾಕು, ಕುಣಿಯುವವರೆಲ್ಲ ನಗೆಪಾಟಲಾಗಿ ಕಾಣುತ್ತಾರೆ ಎನ್ನುತ್ತಾನೆ. ಸಂಗೀತವನ್ನು ಕಿತ್ತು ಹಾಕಿದಂತೆ ಬದುಕಿನಿಂದ ಕರುಣೆಯನ್ನು ಕಿತ್ತರೆ ಉಳಿಯುವುದು ಹಾಸ್ಯ.

‘ಪಾಪ ಪಾಂಡು’ವನ್ನು ಈ ಸೂತ್ರ ಇಟ್ಟುಕೊಂಡೇ ಕಟ್ಟಿದರೇನೋ ಎನ್ನಿಸುವಷ್ಟು ಅದು ಹೊಂದುತ್ತದೆ. ಈಟಿವಿ ಕನ್ನಡ ಶುರುವಾದದ್ದು 2000ದ ಡಿಸೆಂಬರಿನಲ್ಲಿ. ಅದರ ಮೊದಲ ವರ್ಷಗಳಲ್ಲೇ ಸಿಹಿಕಹಿ ಚಂದ್ರು ಈ ಧಾರಾವಾಹಿಯನ್ನು ಮನೆಮನೆಗೆ ತಂದರು. ಚಿದಾನಂದ್ ಅವರ ಪಾಂಡು ಹೆಂಡತಿಯ ಮುಂದೆ ಬಾಯಿ ಬಿಡಲಾರದ ಗಂಡ, ಶಾಲಿನಿ ಅವರದು ದನಿಯಲ್ಲೇ ಮನೆ ತುಂಬುವ ಹೆಂಡತಿ. ಅದೇ ಹಜಾರ, ಅದೇ ಸೋಫಾ, ಅದೇ ತಪ್ಪು. ನಿನ್ನೆಯ ಪೆಟ್ಟಿನಿಂದ ಪಾಂಡು ಇವತ್ತು ಏನನ್ನೂ ಕಲಿತಿರುವುದಿಲ್ಲ. ಕಲಿತರೆ ನಾಳೆ ಕಂತೇ ಇಲ್ಲ. ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್ ಗೌಡರು ಹೆಸರಾದ ‘ಸಿಲ್ಲಿ ಲಲ್ಲಿ’ಯದೂ ಇದೇ ಕಟ್ಟಡ. ಬದಲಾಗದಿರುವುದೇ ಈ ಪಾತ್ರಗಳ ಉದ್ಯೋಗ.

ನನ್ನ ಮೊದಲ ತಕರಾರು ಇಲ್ಲೇ. ಬೀದಿಯಲ್ಲಿ ಬಿದ್ದವನು ಯಾರೋ. ಮನೆಯ ಹಾಸ್ಯದಲ್ಲಿ ಬೀಳುವವನು ನಮ್ಮವನು. ನಮ್ಮ ದೊಡ್ಡಪ್ಪನನ್ನು ಮನೆಯಲ್ಲಿ ಪಾಂಡು ಎಂದೇ ಕರೆಯುತ್ತಿದ್ದರು. ಪಾಂಡವಪುರದ ಕಾರ್ಖಾನೆಗೆ ಕಬ್ಬು ಸಾಗಿಸಿದ ದುಡ್ಡು ಕೈಗೆ ಬಂದಾಗ ತಂಗಿಗೆಂದು ಸ್ವಲ್ಪ ಬಚ್ಚಿಡುತ್ತಿದ್ದ. ದೊಡ್ಡವ್ವ ಮಾತಾಡದೆ ಅವನ ಅಂಗಿ ಜೇಬಿನತ್ತ ನೋಡಿದರೆ ಸಾಕು, ಕೇಳುವ ಮೊದಲೇ ಎಲ್ಲ ಒಪ್ಪಿಸಿಬಿಡುತ್ತಿದ್ದ. ಪ್ರತಿ ಸುಗ್ಗಿಗೂ ಅದೇ ಬಚ್ಚಿಡುವುದು, ಅದೇ ಒಪ್ಪಿಸುವುದು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವನ ಮೇಲೆ ಪ್ರೀತಿ ಇಲ್ಲದ್ದಕ್ಕಲ್ಲ. ಅದೇ ತಪ್ಪನ್ನು ಪಕ್ಕದ ಬೀದಿಯವನು ಮಾಡಿದ್ದರೆ ಅದು ಚಾಡಿಯಾಗುತ್ತಿತ್ತು, ಇಷ್ಟು ನಗು ಬರುತ್ತಿರಲಿಲ್ಲ. ಪ್ರೀತಿ ಮೊದಲು ಇತ್ತು, ನಗು ಅದರ ಮೇಲೆ ಹುಟ್ಟಿತು. ಬರ್ಗ್‌ಸನ್ ಶತ್ರುಗಳೆಂದು ಕರೆದ ಇಬ್ಬರು ನಮ್ಮ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತಿದ್ದರು.

ಅವನ ಕಡೆಯಿಂದ ಉತ್ತರವಿದೆ, ಬಲವಾಗಿಯೇ ಇದೆ. ಪ್ರೀತಿಸುವವರನ್ನು ನೋಡಿ ನಗಬಾರದೆಂದು ಅವನೇನೂ ಹೇಳಲಿಲ್ಲ. ನಗುವ ಆ ಗಳಿಗೆಯಲ್ಲಿ ಪ್ರೀತಿಯನ್ನು ಪಕ್ಕಕ್ಕೆ ಸರಿಸುತ್ತೇವೆ ಎಂದನಷ್ಟೆ. ದೊಡ್ಡಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತಾಗ ಆ ದುಡ್ಡು ಯಾವ ಕಷ್ಟಕ್ಕೆ ಹೋಗಬೇಕಿತ್ತು, ತಂಗಿಯ ಮನೆಯ ಒಲೆ ಉರಿದಿತ್ತೇ ಎಂದು ನಾವು ಯಾರೂ ಕೇಳಲಿಲ್ಲ. ಕೇಳಿದ್ದರೆ ನಗು ಬರುತ್ತಿತ್ತೇ? ಇಲ್ಲ. ಇಷ್ಟನ್ನು ನಾನು ಬಿಟ್ಟುಕೊಡಬೇಕು.

ಇನ್ನೊಂದನ್ನೂ ಬಿಟ್ಟುಕೊಡಬೇಕಾಗಿದೆ. ನಗುವಿಗೆ ಮಾರ್ದನಿ ಬೇಕು, ಅದು ಯಾವಾಗಲೂ ಒಂದು ಗುಂಪಿನ ನಗು ಎಂದು ಹೇಳುತ್ತ ಬರ್ಗ್‌ಸನ್ ಒಂದು ಕತೆ ತರುತ್ತಾನೆ. ಚರ್ಚಿನಲ್ಲಿ ಉಪದೇಶ ಕೇಳಿ ಎಲ್ಲರೂ ಅಳುತ್ತಿರುವಾಗ ಒಬ್ಬ ಮಾತ್ರ ಅಳದೆ ಕೂತಿದ್ದನಂತೆ. ಯಾಕೆಂದು ಕೇಳಿದರೆ ತಾನು ಈ ಚರ್ಚಿನ ಒಕ್ಕಲಲ್ಲ ಎಂದನಂತೆ. ಅಳುವಿಗಿಂತ ನಗುವಿಗೆ ಇದು ಹೆಚ್ಚು ಸಲ್ಲುತ್ತದೆ ಎಂಬುದು ಬರ್ಗ್‌ಸನ್ನನ ಟಿಪ್ಪಣಿ. ಬೆಂಗಳೂರಿನ ಹಜಾರಗಳಲ್ಲಿ ನಡೆಯುವ ಈ ಕಾಮಿಡಿಗಳ ಒಕ್ಕಲು ನಾವಾಗಿದ್ದೆವೇ? ನಮ್ಮಲ್ಲಿ ಸೋಫಾ ಇರಲಿಲ್ಲ, ಕಾಲಿಂಗ್ ಬೆಲ್ ಇರಲಿಲ್ಲ. ಕನ್ನಡದ ಸಿನಿಮಾ, ಟೀವಿಯ ಹಾಸ್ಯದಲ್ಲಿ ಕೆಲಸದವನೋ, ಹಳ್ಳಿಯಿಂದ ಬಂದ ನೆಂಟನೋ, ಪೆದ್ದ ಪೇದೆಯೋ ಬಾಯಿ ಬಿಟ್ಟರೆ ಎಷ್ಟೋ ಸಲ ಬರುತ್ತಿದ್ದುದು ನಮ್ಮ ಮಂಡ್ಯ ಸೀಮೆಯ ಮಾತು. ನಾಲೆಗೆ ನೀರು ಬಂತೋ ಇಲ್ಲವೋ ಎಂದು ನಮ್ಮಪ್ಪ ಕೇಳುವ ದನಿಯಲ್ಲೇ ಅಲ್ಲಿ ಪೆದ್ದತನ ನಡೆಯುತ್ತಿತ್ತು. ನಾವು ಅದಕ್ಕೂ ನಕ್ಕೆವು. ಕಾಲೇಜಿಗೆಂದು ಮೈಸೂರಿಗೆ ಹೋದ ನಮ್ಮೂರ ಹುಡುಗರು ಬಸ್ಸಿನಿಂದ ಇಳಿಯುವಾಗಲೇ ಮಾತು ಬದಲಿಸಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. ನಗು ಚುಚ್ಚಿ ಸರಿಪಡಿಸುತ್ತದೆ ಎಂದನಲ್ಲ, ಸರಿಪಡಿಸಿತ್ತು. ಇದು ನನಗೆ ಇವತ್ತಿಗೂ ನೋವಿನ ವಿಷಯ, ಇಲ್ಲಿ ಬರ್ಗ್‌ಸನ್ನನ ವಿರುದ್ಧ ನನ್ನ ಬಳಿ ಏನೂ ಇಲ್ಲ.

ಆದರೂ ಮಣಿಯಲು ಮನಸ್ಸಿಲ್ಲ, ಅದಕ್ಕೆ ಕಾರಣ 2018. ಆ ವರ್ಷ ಕಲರ್ಸ್ ಸೂಪರ್ ವಾಹಿನಿಯಲ್ಲಿ ‘ಪಾಪ ಪಾಂಡು’ ಮತ್ತೆ ಬಂತು. ಅದೇ ಚಿದಾನಂದ್, ಅದೇ ಶಾಲಿನಿ. ಇದು ‘ಮಾಲ್ಗುಡಿ ಡೇಸ್’ ಬಗೆಯ ಹಳಹಳಿಯಲ್ಲ. ಶಂಕರ್ ನಾಗ್ 1986ರ ಹೊತ್ತಿಗೆ ಆಗುಂಬೆಯಲ್ಲಿ ಅದನ್ನು ಚಿತ್ರಿಸುವಾಗಲೇ ಅದರ ಕಾಲ ಕಳೆದುಹೋಗಿತ್ತು. ಅದರಲ್ಲಿ ಬರುವ ಸ್ವಾಮಿಯ ಕತೆ 1935ರ ಪುಸ್ತಕ. ಆ ಧಾರಾವಾಹಿ ಹುಟ್ಟುವಾಗಲೇ ನೆನಪಾಗಿ ಹುಟ್ಟಿತು. ಪಾಂಡು ಹಾಗಲ್ಲ. ಅವನು ನಮ್ಮ ವರ್ತಮಾನವಾಗಿದ್ದವನು, ವಯಸ್ಸಾಗಿ ತಿರುಗಿ ಬಂದ. ಹೆಗಲನ್ನು ಒಳಗೆಳೆದುಕೊಂಡು ಹೆಂಡತಿಯ ಕಡೆ ಓರೆಯಾಗಿ ನೋಡುವ ಆ ಹಳೆಯ ಭಂಗಿ ಬಂದಾಗ ನಾನು ನಕ್ಕೆ, ಕಣ್ಣೂ ತುಂಬಿತು. ಮೊದಲು ಇದು, ಆಮೇಲೆ ಅದು ಎಂದು ಬಿಡಿಸಲಾಗಲಿಲ್ಲ. ಮುಖ ಬದಲಾಗಿದೆ, ಭಂಗಿ ಬದಲಾಗಿಲ್ಲ. ಜೀವದ ಮೇಲೆ ಯಂತ್ರ ಕೂತಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬರ್ಗ್‌ಸನ್ನನಿಗೂ ಸಿಕ್ಕಿರಲಾರದು. ಆದರೆ ಅವನ ಲೆಕ್ಕದಲ್ಲಿ ಅದು ಬರೀ ನಗು ತರಬೇಕಿತ್ತು. ಅದೇ ಮರುಕಳಿಕೆ ಕರುಳನ್ನೂ ಹಿಡಿಯಿತು.

ವಿಚಿತ್ರವೆಂದರೆ, ಇದನ್ನು ವಿವರಿಸಲು ಬೇಕಾದ ಸಾಮಗ್ರಿ ಇರುವುದು ಬರ್ಗ್‌ಸನ್ನನದೇ ಮತ್ತೊಂದು ಪುಸ್ತಕದಲ್ಲಿ. ನಗೆಯ ಪುಸ್ತಕಕ್ಕೆ ನಾಲ್ಕು ವರ್ಷ ಮುಂಚೆ, 1896ರಲ್ಲಿ, ಅವನು ನೆನಪಿನ ಬಗ್ಗೆ ಬರೆದಿದ್ದ. ನಾವು ಕಣ್ಣೆದುರಿನದನ್ನು ಬರಿಗಣ್ಣಿನಿಂದ ನೋಡುವುದೇ ಇಲ್ಲ, ಹಿಂದಿನದೆಲ್ಲ ಮುನ್ನುಗ್ಗಿ ಬಂದು ಇವತ್ತಿನ ನೋಟದೊಳಗೆ ಬೆರೆತುಕೊಳ್ಳುತ್ತದೆ ಎನ್ನುತ್ತಾನೆ ಅಲ್ಲಿ. ಹಾಗಾದರೆ ನಗುವವನೊಬ್ಬ ಮಾತ್ರ ಹಿಂದಿನದನ್ನೆಲ್ಲ ಬಾಗಿಲಾಚೆ ನಿಲ್ಲಿಸಿ ಬರೀ ಬುದ್ಧಿಯಾಗಿ ಕೂರುವುದು ಹೇಗೆ ಸಾಧ್ಯ? ನೆನಪಿನ ಬರ್ಗ್‌ಸನ್ ನಗೆಯ ಬರ್ಗ್‌ಸನ್ನನನ್ನು ಸುಳ್ಳು ಮಾಡುತ್ತಾನೆ ಎಂದು ನಾನು ಬಹಳ ಹಿಗ್ಗಿನಿಂದ ಸೋದರಳಿಯನಿಗೆ ವಿವರಿಸಿದೆ.

ಅವನು ಆ ಪುಸ್ತಕದಿಂದಲೇ ತಿರುಗೇಟು ಕೊಟ್ಟ. ಅಲ್ಲಿ ನೆನಪು ಎರಡು ಬಗೆ. ಪಾಠವೊಂದನ್ನು ಮತ್ತೆ ಮತ್ತೆ ಓದಿ ಬಾಯಿಪಾಠ ಮಾಡಿದರೆ ಉಳಿಯುವುದು ಅಭ್ಯಾಸ, ಅದಕ್ಕೆ ತಾರೀಖಿಲ್ಲ. ಪ್ರತಿಯೊಂದು ಓದೂ ಒಂದು ಘಟನೆ, ಅದು ಒಮ್ಮೆ ಮಾತ್ರ ನಡೆದದ್ದು, ಅದರ ನೆನಪೇ ಬೇರೆ. “ಒಂದು ಕಂತಿನ ಕತೆ ಹೇಳಿ ಮಾವ, ಶುರುವಿಂದ ಕೊನೆವರೆಗೂ” ಅಂದ. ಹೇಳಲಾಗಲಿಲ್ಲ. ದನಿ ನೆನಪಿದೆ, ಸೋಫಾ ನೆನಪಿದೆ, ಪಾಂಡುವಿನ ಹೆಗಲು ನೆನಪಿದೆ. ಕತೆ ಒಂದೂ ಇಲ್ಲ. ಅಂದರೆ ನನ್ನಲ್ಲಿ ಬಾಯಿಪಾಠ ಮಾತ್ರ ಉಳಿದಿದೆ, ಓದುಗಳೆಲ್ಲ ಅಳಿಸಿಹೋಗಿವೆ. ಎಲ್ಲ ಸಂಜೆಗಳನ್ನೂ ಕಲಸಿ ಒಂದು ಸಂಜೆ ಮಾಡಿಕೊಂಡು, ಅದು ಒಮ್ಮೆ ನಡೆದ ಘಟನೆಯೆಂಬಂತೆ ಅದಕ್ಕಾಗಿ ಹಂಬಲಿಸುತ್ತಿದ್ದೇನೆ. ಆ ಸಂಜೆಯಲ್ಲಿ ಕರೆಂಟು ಹೋಗುವುದಿಲ್ಲ, ಗದ್ದೆಗೆ ನೀರು ಕಟ್ಟಲು ಯಾರೂ ನಡುವೆ ಎದ್ದು ಹೋಗುವುದಿಲ್ಲ, ಮನೆಯವರೆಲ್ಲ ಒಟ್ಟಿಗೆ ಕೂತಿರುತ್ತಾರೆ. ನಮ್ಮೂರಿನಲ್ಲಿ ಅಂಥ ಸಂಜೆ ಒಂದಾದರೂ ಇತ್ತೇ?

ದೊಡ್ಡಪ್ಪ ಈಗಿಲ್ಲ. ತನ್ನನ್ನು ಪಾಂಡು ಎಂದಾಗ ಅವನೂ ನಗುತ್ತಿದ್ದ. ಆದರೆ ಮನೆಯವರೆಲ್ಲ ನಗುವಾಗ ನಗಿಸಿಕೊಂಡವನಿಗೆ ನಗದೆ ಬೇರೆ ದಾರಿ ಇತ್ತೇ ಎಂದು ಅವನನ್ನೇ ಕೇಳುವಂತಿಲ್ಲ. ದೊಡ್ಡವ್ವನನ್ನು ಕೇಳಿದೆ, ಪಾಂಡು ನೆನಪಿದಾನಾ ಅಂತ.

“ನಾನೆಲ್ ನೋಡ್ದೆ ಮಗ” ಅಂದಳು. “ಒಲೆ ಮುಂದೆ ಹಿಟ್ ತೊಳಸ್ತಿದ್ದೆ. ನೀವೆಲ್ಲ ನಗೋದು ಒಳಕ್ ಕೇಳೋದು. ಯಾರ್ ನಗ ಯಾವ್ದು ಅಂತ ಗೊತ್ತಾಗೋದು. ನಿಮ್ ದೊಡ್ಡಪ್ಪನ್ ನಗ ಕೇಳ್ತಿದ್ದಂಗೆ ನಂಗೂ ನಗ ಬಂದ್ಬುಡೋದು.”

ನನ್ನ ವಾದವೂ ಬರ್ಗ್‌ಸನ್ನನ ವಾದವೂ ಈ ಮಾತಿನ ಮುಂದೆ ತಡವರಿಸುತ್ತವೆ. ಅವಳು ಪಾಂಡುವನ್ನು ನೋಡಿಯೇ ಇಲ್ಲ. ಅವಳ ನಗುವಿಗೆ ಗುರಿಯಾದ ಬಡಪಾಯಿ ಯಾರೂ ಇಲ್ಲ, ಬಿದ್ದವನಿಲ್ಲ, ಬಿಗಿದುಕೊಂಡ ಮೈಯಿಲ್ಲ. ಇದ್ದದ್ದು ಮಾರ್ದನಿಯೊಂದೇ. ಮಾರ್ದನಿಯ ವಿಷಯದಲ್ಲಿ ಬರ್ಗ್‌ಸನ್ ಗೆದ್ದ ಎನ್ನಬಹುದು. ಅಮೆರಿಕದ ಟೀವಿಯವರು ಅದನ್ನು ಚೆನ್ನಾಗಿ ಬಲ್ಲವರು. 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಎಂಜಿನಿಯರ್ ಮುದ್ರಿಸಿಟ್ಟ ನಗುಗಳನ್ನು ಗುಂಡಿ ಒತ್ತಿ ಹೊರಡಿಸುವ ಪೆಟ್ಟಿಗೆಯನ್ನೇ ಮಾಡಿದ್ದ. ನಗು ಕೇಳಿದರೆ ನಗು ಬರುತ್ತದೆ ಎಂಬುದೊಂದೇ ಅದರ ಬಂಡವಾಳ. ಆದರೆ ಆ ಪೆಟ್ಟಿಗೆಯಲ್ಲಿದ್ದದ್ದು ಯಾರದೋ ನಗು, ಯಾರದಾದರೂ ನಡೆಯುತ್ತಿತ್ತು. ದೊಡ್ಡವ್ವನಿಗೆ ಯಾರದಾದರೂ ನಡೆಯುತ್ತಿರಲಿಲ್ಲ. ಗೋಡೆಯಾಚೆಯಿಂದ ಒಂದೊಂದು ದನಿಯನ್ನೂ ಗುರುತು ಹಿಡಿದು, ಗಂಡನ ದನಿ ಬಂದಾಗ ನಕ್ಕಳು. ಎದೆ ಮರಗಟ್ಟಿದವರಿಗೆ ಇಷ್ಟು ಚೆನ್ನಾಗಿ ಕಿವಿ ಕೇಳಿಸುವುದಿಲ್ಲ.

ಇಲ್ಲಿಗೆ ನಿಲ್ಲಿಸಿ ಗೆದ್ದೆ ಎನ್ನಬಹುದಿತ್ತು. ಆದರೆ ಪ್ರೀತಿಯಿಂದ ನಕ್ಕಳೆಂದು ನಾನು ಎಷ್ಟೇ ಸಾಧಿಸಿದರೂ, ನಮ್ಮ ಸಂಜೆಯ ಹೊರಗೆ ಒಲೆಯ ಮುಂದೆ ಅವಳು ಒಬ್ಬಳೇ ಇದ್ದಳು. ನಾವು ಚಾಪೆಯ ಮೇಲೆ ಕೂತು ಗಯ್ಯಾಳಿ ಹೆಂಡತಿಯ ದರ್ಬಾರು ನೋಡಿ ನಗುತ್ತಿದ್ದ ಹೊತ್ತಿಗೆ ನಮ್ಮ ಮನೆಯ ಹೆಂಡತಿ ನಮಗೆ ಹಿಟ್ಟು ತೊಳಸುತ್ತಿದ್ದಳು. ಪಾಂಡುವಿನ ಸ್ಥಿತಿ ಯಾವ ಮನೆಯ ಸ್ಥಿತಿ, ಯಾರ ಮೇಲೆ ಯಾರು ದರ್ಬಾರು ಮಾಡುತ್ತಿದ್ದರು ಎಂದು ನಮಗೆ ಒಮ್ಮೆಯೂ ಹೊಳೆಯದಂತೆ ಆ ನಗು ನೋಡಿಕೊಂಡಿತು. ಇದನ್ನೂ ಸೋದರಳಿಯನಿಗೆ ಹೇಳಿದೆ. ಈ ಸಲ ಅವನು ನನ್ನ ಕಡೆಗೇ ವಾಲಿದ. “ಅದು ನಗುವಿನ ಪ್ರಶ್ನೆ ಅಲ್ಲ ಮಾವ, ಅಡುಗೆ ಮನೆ ಪ್ರಶ್ನೆ. ಎರಡನ್ನೂ ಯಾಕೆ ಗಂಟು ಹಾಕ್ತೀರಿ?” ಅಂದ. ಅವು ಎರಡು ಬೇರೆ ಪ್ರಶ್ನೆಗಳೆಂದು ಒಪ್ಪಲು ನನಗೆ ಆಗುತ್ತಿಲ್ಲ. ಒಂದೇ ಎಂದು ತೋರಿಸುವ ವಾದವೂ ಇನ್ನೂ ಕೈಗೆ ಸಿಕ್ಕಿಲ್ಲ.